ಫ್ಯಾಕ್ಟರಿ ಸೀಟಿಗೆ ಅರ್ಹರು ಯಾರು?

ಸೌತ್‌ಹಾಲ್‌ನಲ್ಲಿ ‘ಫ್ಯಾಕ್ಟರಿ’ ಎಂಬ ಮಾತಿಗೆ ಹಳೆಯ ಭಾರವೊಂದಿದೆ. 1950ರ ದಶಕದಲ್ಲಿ ಪಂಜಾಬಿನಿಂದ ಇಲ್ಲಿಗೆ ಬಂದಿಳಿದವರಲ್ಲಿ ಬಹಳಷ್ಟು ಮಂದಿಗೆ ಮೊದಲು ಕೆಲಸ ಕೊಟ್ಟದ್ದು ವುಲ್ಫ್ ರಬ್ಬರ್ ಕಾರ್ಖಾನೆ. ಊರಿನಲ್ಲಿ ಮಾಸ್ತರರಾಗಿದ್ದವರು, ಕಾಲೇಜು ಓದಿದವರು ಇಲ್ಲಿ ರಬ್ಬರಿನ ಹೊಗೆಯಲ್ಲಿ ರಾತ್ರಿಪಾಳಿ ಮಾಡಿದರು. ಅವರ ಓದಾಗಲಿ ಅನುಭವವಾಗಲಿ ಇಲ್ಲಿನ ಲೆಕ್ಕದ ಪುಸ್ತಕಕ್ಕೆ ಸೇರಲಿಲ್ಲ. ಯಾರು ಯಾವ ಯಂತ್ರದ ಮುಂದೆ ನಿಲ್ಲಬೇಕು, ಯಾರು ಮೇಲಿನ ದರ್ಜೆಗೆ ಯೋಗ್ಯರು ಎಂಬುದನ್ನು ತೀರ್ಮಾನಿಸುತ್ತಿದ್ದವನು ಫೋರ್‌ಮನ್. ಅವನ ತೀರ್ಮಾನಕ್ಕೆ ಕಾರಣ ಕೇಳುವ ಪದ್ಧತಿ ಇರಲಿಲ್ಲ. 1965ರ ಕೊನೆಯಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಕೂಲಿಯ ಜೊತೆಗೆ ಈ ಕಾರಣ ಕೇಳುವ ಹಕ್ಕೂ ಪಣದಲ್ಲಿತ್ತು.

ಮೋಟಾರ್‌ಸೈಕಲ್ ಓಟದ ಲೋಕದಲ್ಲಿ ಇದೇ ‘ಫ್ಯಾಕ್ಟರಿ’ ಎಂಬ ಮಾತು ಬೆಳಕಿನ ಬಟ್ಟೆ ತೊಟ್ಟು ಬರುತ್ತದೆ. ಬೈಕು ತಯಾರಿಸುವ ಕಂಪನಿಯೇ ತನ್ನ ಹಣದಿಂದ, ತನ್ನ ಎಂಜಿನಿಯರುಗಳೊಂದಿಗೆ, ಮಾರುಕಟ್ಟೆಯಲ್ಲಿ ಸಿಗದ ಯಂತ್ರದೊಂದಿಗೆ ಕಣಕ್ಕಿಳಿಸುವ ತಂಡವೇ ಫ್ಯಾಕ್ಟರಿ ತಂಡ. ಅದರ ಸವಾರ ಪ್ರವೇಶ ಶುಲ್ಕ ಕಟ್ಟುವುದಿಲ್ಲ, ಟೈರಿಗೆ ಸಾಲ ಮಾಡುವುದಿಲ್ಲ. ಸಂಜೆ ಬೈಕು ಒಪ್ಪಿಸಿ ಮಲಗಿದರೆ ಬೆಳಿಗ್ಗೆ ಅದು ಹೊಸದಾಗಿ ಸಿದ್ಧವಾಗಿರುತ್ತದೆ. ಉಳಿದವರು, ಅಂದರೆ ಸ್ವಂತ ಹಣದಿಂದಲೋ ಹೇಗೋ ಹೊಂದಿಸಿಕೊಂಡ ಪ್ರಾಯೋಜಕರಿಂದಲೋ ಬರುವ ಖಾಸಗಿ ಸವಾರರು, ಅದೇ ಮರಳಿನಲ್ಲಿ ಅದೇ ದೂರ ಓಡಿ ಬಂದು, ರಾತ್ರಿ ತಲೆಗೆ ದೀಪ ಕಟ್ಟಿಕೊಂಡು ತಮ್ಮ ಬೈಕನ್ನು ತಾವೇ ಬಿಚ್ಚುತ್ತಾರೆ.

ಹಾಗಾಗಿ ‘ಇಂಥವರು ಫ್ಯಾಕ್ಟರಿ ಸೀಟಿಗೆ ಅರ್ಹರೇ’ ಎಂಬ ಪ್ರಶ್ನೆಯನ್ನು ಓಟದ ಅಭಿಮಾನಿಗಳ ಹರಟೆಯೆಂದು ಬದಿಗೆ ಸರಿಸಲಾಗದು. ಅದು ಒಂದು ಉದ್ಯೋಗಕ್ಕೆ ಸಂಬಂಧಿಸಿದ ಪ್ರಶ್ನೆ. ಉದ್ಯೋಗವೊಂದರ ಬಗ್ಗೆ ನಾವು ಕೇಳುವುದನ್ನೆಲ್ಲ ಇದರ ಬಗ್ಗೆಯೂ ಕೇಳಬೇಕು: ಮಾನದಂಡವನ್ನು ಬರೆದವರು ಯಾರು, ಪರೀಕ್ಷೆ ಎಲ್ಲರಿಗೂ ತೆರೆದಿತ್ತೇ, ಸೋಲಲು ಎಷ್ಟು ಅವಕಾಶವಿದೆ, ಗಾಯವಾದರೆ ಹೊಣೆ ಯಾರದು. ಈ ಲೇಖನಕ್ಕೆ ನನಗೆ ಉದಾಹರಣೆಯಾಗಿ ಕಾಣುವವರು ನಮ್ಮವರೇ ಆದ ಮೂವರು: ಬೆಂಗಳೂರಿನ ಸಿ.ಎಸ್. ಸಂತೋಷ್, ಉಡುಪಿಯ ಕೆ.ಪಿ. ಅರವಿಂದ್, ಮತ್ತು ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ. ಮೊದಲಿಬ್ಬರು ಡಕಾರ್ ರ‍್ಯಾಲಿಯಲ್ಲಿ ಭಾರತೀಯ ಕಂಪನಿಗಳ ಫ್ಯಾಕ್ಟರಿ ಸೀಟಿನಲ್ಲಿ ಕೂತರು. ಮೂರನೆಯವರ ಮುಂದೆ ಆ ಪ್ರಶ್ನೆ ಬಹುಕಾಲ ನೇತಾಡಿತು.

ಐಶ್ವರ್ಯಾ ಬೈಕು ಹಿಡಿದದ್ದು ಹದಿನೆಂಟರ ಆಸುಪಾಸಿನಲ್ಲಿ. ಟಾರು ರಸ್ತೆಯ ಓಟದಲ್ಲೂ ಮಣ್ಣಿನ ರ‍್ಯಾಲಿಯಲ್ಲೂ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. 2017ರ ರೈಡ್ ದಿ ಹಿಮಾಲಯದಲ್ಲಿ ಕೊರಳ ಮೂಳೆ ಮುರಿಯಿತು. 2018ರಲ್ಲಿ ಸ್ಪೇನಿನ ಬಾಹಾ ಅರಗೋನ್ ಸ್ಪರ್ಧೆಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಮರುವರ್ಷ ಅವರು ಮತ್ತೆ ಅದೇ ಸ್ಪರ್ಧಾಸರಣಿಗೆ ಮರಳಿ, ದುಬೈಯಲ್ಲಿ ಗೆದ್ದು, ಪೋರ್ಚುಗಲ್, ಸ್ಪೇನ್, ಹಂಗೆರಿಗಳಲ್ಲಿ ಅಂಕ ಕೂಡಿಸಿ, ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಐಎಂ ನಡೆಸುವ 2019ರ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಅವರದು 65 ಅಂಕ, ಪೋರ್ಚುಗಲ್ಲಿನ ರೀಟಾ ವಿಯೇರಾ ಅವರದು 61. ಕಿರಿಯರ ವಿಭಾಗದಲ್ಲಿ, ಗಂಡಸರೂ ಇದ್ದ ಪಟ್ಟಿಯಲ್ಲಿ, ಅವರಿಗೆ ಎರಡನೇ ಸ್ಥಾನ. ಮೋಟಾರು ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ಪಡೆದ ಮೊದಲ ಭಾರತೀಯರೆಂದು ಪತ್ರಿಕೆಗಳು ಬರೆದವು. ಟಿವಿಎಸ್ ರೇಸಿಂಗ್ ಅವರಿಗೆ ಬೆಂಬಲವಾಗಿತ್ತು ಎಂಬುದನ್ನೂ ಹೇಳಲೇಬೇಕು. ತಮ್ಮ ಮುಂದಿನ ಗುರಿ ಡಕಾರ್ ಎಂದು ಅವರು ಬಚ್ಚಿಡಲಿಲ್ಲ. ಆದರೆ ಬಳಿಕ 2020, 2021, 2022ರ ಷೆರ್ಕೋ–ಟಿವಿಎಸ್ ಡಕಾರ್ ತಂಡಗಳಲ್ಲಿ ಅವರ ಹೆಸರು ಬರಲಿಲ್ಲ.

ಇದನ್ನು ಕೇಳಿದ ಪ್ರಗತಿಪರ ಮನಸ್ಸು ಕೂಡಲೇ ‘ಅನ್ಯಾಯ’ ಎನ್ನುತ್ತದೆ. ಸ್ವಲ್ಪ ತಡೆಯೋಣ. ಬಾಹಾ ಎಂದರೆ ಒಂದೆರಡು ದಿನಗಳ ಸ್ಪರ್ಧೆ. ಡಕಾರ್ ಎರಡು ವಾರಗಳ ಯಾತನೆ. ಒಂದರಲ್ಲಿ ವೇಗ ಮುಖ್ಯ. ಇನ್ನೊಂದರಲ್ಲಿ ವೇಗದಷ್ಟೇ ದಾರಿ ಹುಡುಕುವ ಜಾಣ್ಮೆ, ನಿದ್ದೆಗೆಟ್ಟ ಮೇಲೂ ಕೆಡದ ತಾಳ್ಮೆ, ಕೆಟ್ಟ ಬೈಕನ್ನು ನಡುಮರುಳುಗಾಡಿನಲ್ಲಿ ಎಬ್ಬಿಸುವ ಕೈಚಳಕ ಬೇಕು. ಮಹಿಳಾ ವಿಭಾಗದ ಸ್ಪರ್ಧಿಗಳ ಸಂಖ್ಯೆ ಚಿಕ್ಕದು. ಬಾಹಾ ಗೆದ್ದವರೆಲ್ಲ ಡಕಾರ್ ಫ್ಯಾಕ್ಟರಿ ಸೀಟಿಗೆ ತಾನೇ ತಾನಾಗಿ ಅರ್ಹರೆಂದರೆ ಅದು ವಾದವಲ್ಲ, ಅಭಿಮಾನ. ಆದರೆ ಅರ್ಹತೆಯನ್ನು ಅಳೆಯುವ ಕೋಲು ನೇರವಾಗಿದೆಯೇ ಎಂದು ನೋಡದೆ ಅವರು ಅರ್ಹರಲ್ಲ ಎನ್ನುವುದೂ ಅಷ್ಟೇ ಹಗುರ.

ಆ ಕೋಲು ಎಷ್ಟು ವಕ್ರವೆಂಬುದನ್ನು ಓಟದ ಒಳಗನ್ನು ಬಲ್ಲವರು ಚೆನ್ನಾಗಿ ಬಲ್ಲರು. ಫಲಿತಾಂಶದ ಪಟ್ಟಿಯಲ್ಲಿ ಕಾಣುವ ಅಂಕಿ ಸವಾರನೊಬ್ಬನದೇ ಅಲ್ಲ. ಡಕಾರ್‌ನಲ್ಲಿ ಮೊದಲು ಹೊರಡುವವನು ಗುರುತಿಲ್ಲದ ಮರಳಿನಲ್ಲಿ ದಾರಿ ಬಿಡಿಸಬೇಕು. ಹಿಂದೆ ಬರುವವನಿಗೆ ಮುಂದಿನವನ ಗಾಲಿಯ ಗೆರೆಯೇ ದಾರಿದೀಪ. ಹೀಗಾಗಿ ಇವತ್ತು ಗೆದ್ದವನು ನಾಳೆ ಹಿಂದೆ ಬೀಳುವುದು ಸಾಮಾನ್ಯ. ಮುಂದೆ ಹೋಗುವವರಿಗೆ ಸಮಯದ ರಿಯಾಯಿತಿ ಕೊಡುವ ನಿಯಮವನ್ನು ಸಂಘಟಕರು ಇತ್ತೀಚೆಗೆ ತಂದದ್ದೇ ಇದಕ್ಕೆ ಸಾಕ್ಷಿ. ಇನ್ನು ತಂಡದ ಒಳಗೇ ದರ್ಜೆಗಳಿವೆ. ಎರಡನೆಯ, ಮೂರನೆಯ ಸವಾರನನ್ನು ಫ್ರೆಂಚರು ‘ನೀರು ಹೊರುವವನು’ ಎನ್ನುತ್ತಾರೆ. ನಾಯಕನ ಬೈಕು ಕೆಟ್ಟರೆ ಇವನು ನಿಲ್ಲಬೇಕು. ನಾಯಕನ ಚಕ್ರ ಹೋದರೆ ತನ್ನ ಚಕ್ರ ಬಿಚ್ಚಿ ಕೊಡಬೇಕು. ಅವನು 40ನೆಯವನಾಗಿ ಬಂದನೆಂದು ಪಟ್ಟಿ ಹೇಳುತ್ತದೆ. ಎರಡು ಗಂಟೆ ಮರಳಲ್ಲಿ ಕೂತು ಇನ್ನೊಬ್ಬನ ಬೈಕಿಗೆ ತನ್ನ ಬಿಡಿಭಾಗ ಜೋಡಿಸಿದನೆಂದು ಪಟ್ಟಿ ಹೇಳುವುದಿಲ್ಲ.

ಸರ್ಕ್ಯೂಟ್ ಓಟದಲ್ಲಿ ಅಳತೆ ಕೊಂಚ ಸುಲಭ. ಅಲ್ಲಿ ಸವಾರನ ಮೊದಲ ಎದುರಾಳಿ ತನ್ನದೇ ತಂಡದ ಜೊತೆಗಾರ. ಇಬ್ಬರದೂ ಒಂದೇ ಯಂತ್ರವಾದ್ದರಿಂದ ವ್ಯತ್ಯಾಸ ಸವಾರಿಕೆಯದು ಎನ್ನಬಹುದು. ಎಲ್ಲರಿಗೂ ಒಂದೇ ಮಾದರಿಯ ಬೈಕು ಕೊಟ್ಟು ಓಡಿಸುವ ಸ್ಪರ್ಧೆಗಳನ್ನು ಹೊಂಡಾ, ಟಿವಿಎಸ್ ಎರಡೂ ಭಾರತದಲ್ಲಿ ನಡೆಸುತ್ತಿವೆ. ಒಳ್ಳೆಯದೇ. ಆದರೆ ಆ ಸಮಾನತೆ ಹಸಿರು ದೀಪ ಬಿದ್ದ ಕ್ಷಣದಿಂದ ಶುರುವಾಗುವಂಥದು. ಅದಕ್ಕೂ ಹಿಂದಿನ ಹತ್ತು ವರ್ಷಗಳ ಲೆಕ್ಕ ಅದರಲ್ಲಿಲ್ಲ.

ಆ ಹತ್ತು ವರ್ಷಗಳೇ ನಿಜವಾದ ಕಥೆ. ಸ್ಪೇನಿನ ಲಾಯಾ ಸಾನ್ಸ್ ಹುಡುಗಿಯಾಗಿದ್ದಾಗಲೇ ಟ್ರಯಲ್ ಬೈಕಿನ ಮೇಲಿದ್ದರು. ಟ್ರಯಲ್‌ನಲ್ಲಿ 12ಕ್ಕೂ ಹೆಚ್ಚು ಬಾರಿ ಮಹಿಳಾ ವಿಶ್ವ ಚಾಂಪಿಯನ್ ಆದರು. 2015ರ ಡಕಾರ್‌ನಲ್ಲಿ ಹೊಂಡಾದ ಫ್ಯಾಕ್ಟರಿ ತಂಡದ ಸವಾರರಾಗಿ ಗಂಡಸರ ನಡುವೆ ಒಟ್ಟಾರೆ 9ನೇ ಸ್ಥಾನ ಪಡೆದರು. ಬೈಕು ವಿಭಾಗದಲ್ಲಿ ಮಹಿಳೆಯೊಬ್ಬರ ಅತ್ಯುತ್ತಮ ಸಾಧನೆ ಅದು. ಆ ಊರುಗಳಲ್ಲಿ ಐದಾರು ವರ್ಷದ ಮಗು ಪುಟ್ಟ ಬೈಕಿನಲ್ಲಿ ಮಣ್ಣಿನ ಗುಡ್ಡ ಹತ್ತುವುದು ಭಾನುವಾರದ ಸಾಮಾನ್ಯ ನೋಟ. ಕರ್ನಾಟಕದಲ್ಲಿ ಹಾಗೆ ಹತ್ತಬೇಕಾದರೆ ಮೊದಲು ಆಮದು ಸುಂಕ ಕಟ್ಟಿದ ಡರ್ಟ್ ಬೈಕು ಬೇಕು, ಬಳಿಕ ಅದನ್ನು ಓಡಿಸಲು ಜಾಗ ಬೇಕು, ಬಿದ್ದರೆ ನೋಡಿಕೊಳ್ಳುವ ಆಸ್ಪತ್ರೆ ಹತ್ತಿರವಿರಬೇಕು, ಇಷ್ಟಕ್ಕೂ ಮೇಲೆ ‘ಹೆಣ್ಣುಮಗುವಿಗೆ ಇದೆಲ್ಲ ಯಾಕೆ’ ಎನ್ನದ ಮನೆ ಬೇಕು. ಇವುಗಳಲ್ಲಿ ಮೊದಲನೆಯದೊಂದೇ ನಮ್ಮ ಜನರಲ್ಲಿ ಬಹುಪಾಲನ್ನು ಹೊರಗಿಡಲು ಸಾಕು. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ತರಬೇತಿ ತಾಣ ಕಟ್ಟಿದ್ದು ಈ ಕೊರತೆಯನ್ನು ಕಂಡೇ. ಒಬ್ಬ ಸವಾರ ತನಗೆ ಸಿಗದಿದ್ದುದನ್ನು ಮುಂದಿನವರಿಗಾಗಿ ಕಟ್ಟಬೇಕಾಗಿ ಬಂದದ್ದು ಅವರಿಗೆ ಶೋಭೆ, ವ್ಯವಸ್ಥೆಗಲ್ಲ.

ಹದಿನೆಂಟಕ್ಕೆ ಶುರುಮಾಡಿ ಇಪ್ಪತ್ತನಾಲ್ಕಕ್ಕೆ ವಿಶ್ವಕಪ್ ಮುಟ್ಟಿದವರನ್ನೂ, ಐದಕ್ಕೆ ಶುರುಮಾಡಿ ಇಪ್ಪತ್ತನಾಲ್ಕಕ್ಕೆ ಅಲ್ಲಿಗೇ ಮುಟ್ಟಿದವರನ್ನೂ ಗಡಿಯಾರವೊಂದೇ ಹಿಡಿದು ಅಳೆದರೆ ಸಿಗುವ ಉತ್ತರ ಪ್ರಾಮಾಣಿಕವಲ್ಲ. ಎಲ್ಲಿ ನಿಂತಿದ್ದಾರೆ ಎನ್ನುವಷ್ಟೇ ಮುಖ್ಯವಾದದ್ದು ಎಲ್ಲಿಂದ ಬಂದರು, ಯಾವ ಇಳಿಜಾರಿನಲ್ಲಿ ಏರಿದರು ಎಂಬುದು. ಓಟದ ತಂಡಗಳ ಚತುರ ವ್ಯವಸ್ಥಾಪಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಹದಿನಾರರ ಹುಡುಗನಲ್ಲಿ ಅವರು ಹುಡುಕುವುದು ಇದನ್ನೇ. ಆ ಕಣ್ಣು ಯಾರ ಕಡೆ ಹೊರಳುತ್ತದೆ ಎಂಬುದರಲ್ಲಿ ರಾಜಕೀಯವಿದೆ.

ಕನ್ನಡಿಗರಿಗೆ ಈ ವಾದ ಹೊಸತಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯವನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿತವಾಗಲಿಲ್ಲ. ಆಡಳಿತದ ದಕ್ಷತೆ ಕುಂದೀತೆಂಬ ಅವರ ಆತಂಕ ಪ್ರಾಮಾಣಿಕವೇ ಇದ್ದಿರಬೇಕು; ಅವರು ದಿವಾನಗಿರಿಯಿಂದಲೇ ಹೊರಬಂದರು. ದಕ್ಷತೆ ಎಂಬುದು ಆಗಲೇ ಸಿದ್ಧವಾಗಿ ಕೆಲವರಲ್ಲಿ ಮಾತ್ರ ಇರುವ ವಸ್ತು ಎಂದು ಬಗೆದರೆ ಆ ನಿಲುವು ಸರಿ. ದಕ್ಷತೆ ಎಂಬುದು ಹುದ್ದೆಯಲ್ಲಿ ಕೂತು, ತಪ್ಪಿ, ತಿದ್ದಿಕೊಂಡು ಬರುವಂಥದು ಎಂದು ಬಗೆದರೆ ಸಮಿತಿ ಸರಿ. ಕಳೆದ ನೂರು ವರ್ಷಗಳ ಮೈಸೂರು, ಕರ್ನಾಟಕಗಳ ಅನುಭವ ಯಾವುದನ್ನು ಸಮರ್ಥಿಸಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತಪ್ಪಿ ತಿದ್ದಿಕೊಳ್ಳುವ ಈ ಅವಕಾಶಕ್ಕೆ ಕೆ.ಪಿ. ಅರವಿಂದ್ ಅವರ ಡಕಾರ್ ಯಾತ್ರೆಗಿಂತ ಉತ್ತಮ ಉದಾಹರಣೆ ನನಗೆ ಸಿಗಲಿಲ್ಲ. (ಕನ್ನಡ ಬಿಗ್ ಬಾಸ್‌ನ ಎಂಟನೇ ಆವೃತ್ತಿಯಲ್ಲಿ ಎರಡನೇ ಸ್ಥಾನ ಪಡೆದ ಅರವಿಂದ್ ಇವರೇ. ಡಕಾರ್‌ಗಿಂತ ಆ ಮನೆಯೇ ಅವರನ್ನು ಮನೆಮನೆಗೆ ಪರಿಚಯಿಸಿತೆಂಬುದು ನಮ್ಮ ಕ್ರೀಡಾಪ್ರೇಮದ ಮೇಲೆ ಒಂದು ಟಿಪ್ಪಣಿ.) ಷೆರ್ಕೋ–ಟಿವಿಎಸ್ ತಂಡದ ಪರವಾಗಿ ಅವರು 2017ರಲ್ಲಿ ಮೊದಲ ಬಾರಿ ಡಕಾರ್‌ಗೆ ಇಳಿದರು, ಮುಗಿಸಲಾಗಲಿಲ್ಲ. 2018ರಲ್ಲಿ ಮತ್ತೆ ಹೋದರು, ಮತ್ತೆ ಮುಗಿಸಲಾಗಲಿಲ್ಲ. 2019ರಲ್ಲಿ ಮೂರನೇ ಬಾರಿ ಹೋಗಿ 37ನೆಯವರಾಗಿ ಗುರಿ ಮುಟ್ಟಿದರು. ಎರಡು ಸೋಲುಗಳ ನಂತರವೂ ತಂಡ ಅವರ ಕೈ ಬಿಡಲಿಲ್ಲ. ಬಿಡದೆ ಇದ್ದದ್ದೇ ಸರಿ. ಡಕಾರ್ ಮೊದಲ ಯತ್ನದಲ್ಲಿ ಅನೇಕ ಘಟಾನುಘಟಿಗಳನ್ನೇ ಉರುಳಿಸಿದೆ. ಕೇರಳದ ಹರಿತ್ ನೋವಾ ಅವರ ಬಗ್ಗೆಯೂ ಅದೇ ತಂಡ ತಾಳ್ಮೆ ತೋರಿತು. ಅವರು 2021ರಲ್ಲಿ 20ನೇ ಸ್ಥಾನಕ್ಕೂ, 2024ರಲ್ಲಿ ಒಟ್ಟಾರೆ 11ನೇ ಸ್ಥಾನಕ್ಕೂ ರ‍್ಯಾಲಿ 2 ವಿಭಾಗದ ಗೆಲುವಿಗೂ ಏರಿದರು. ತಾಳ್ಮೆ ಫಲ ಕೊಡುತ್ತದೆ ಎಂದು ಹೊಸೂರಿನ ಈ ಕಂಪನಿಗೆ ಯಾರೂ ಪಾಠ ಹೇಳಬೇಕಿಲ್ಲ, ಅದು ತಾನೇ ತೋರಿಸಿಕೊಟ್ಟಿದೆ.

ಫ್ಯಾಕ್ಟರಿ ಸೀಟು ಕೊಡುವ ಅತಿ ದೊಡ್ಡ ಸವಲತ್ತು ಒಳ್ಳೆಯ ಬೈಕಲ್ಲ, ಸೋಲುವ ಹಕ್ಕು. ಖಾಸಗಿ ಸವಾರನೊಬ್ಬ ಎರಡನೇ ದಿನ ಬಿದ್ದು ಹೊರಬಂದರೆ ಅವನ ವರ್ಷಗಳ ಉಳಿತಾಯ, ಹತ್ತಾರು ಲಕ್ಷ ರೂಪಾಯಿ ಅಲ್ಲಿಗೆ ಮಣ್ಣುಪಾಲು. ಮುಂದಿನ ವರ್ಷವೆಂಬುದು ಅವನಿಗಿಲ್ಲ. ಫ್ಯಾಕ್ಟರಿ ಸವಾರನಿಗೆ ಮುಂದಿನ ವರ್ಷವಿದೆ. ಸಂತೋಷ್ ಈ ಎರಡು ದಡಗಳನ್ನೂ ಕಂಡವರು. 2015ರಲ್ಲಿ ಅವರು ಯಾವ ಭಾರತೀಯ ಕಂಪನಿಯ ಸೀಟೂ ಇಲ್ಲದೆ, ತಾವೇ ಪ್ರಾಯೋಜಕರನ್ನು ಹೊಂದಿಸಿಕೊಂಡು ಡಕಾರ್‌ಗೆ ಹೋಗಿ 36ನೆಯವರಾಗಿ ಮುಗಿಸಿದರು. ಡಕಾರ್ ಪೂರೈಸಿದ ಮೊದಲ ಭಾರತೀಯರಾದರು. 2016ರಲ್ಲಿ ಹೀರೋ ಕಂಪನಿ ತನ್ನ ರ‍್ಯಾಲಿ ತಂಡ ಕಟ್ಟಿದಾಗ ಅವರಿಗೆ ಸೀಟು ದೊರೆಯಿತು. ಅವರು ಅರ್ಹರೇ ಎಂದು ಆಗ ಯಾರೂ ಕೇಳಲಿಲ್ಲ. ಕೇಳುವ ಪ್ರಸಂಗವೇ ಬರದಂತೆ ಅವರು ಮೊದಲೇ ಗೇಟಿನ ಹೊರಗೆ ತಮ್ಮ ಖರ್ಚಿನಲ್ಲಿ ಉತ್ತರಿಸಿ ಬಂದಿದ್ದರು. ಅವರ ಸಾಧನೆಗೆ ನಾನು ತಲೆಬಾಗುತ್ತೇನೆ. ಆದರೆ ಅದನ್ನೇ ಎಲ್ಲರಿಗೂ ಮಾನದಂಡವಾಗಿ ಇಟ್ಟರೆ, ಫ್ಯಾಕ್ಟರಿಯ ನೆರವು ಅಗತ್ಯವಿಲ್ಲದವರಿಗೆ ಮಾತ್ರ ಫ್ಯಾಕ್ಟರಿಯ ನೆರವು ಎಂದಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಗೇಟಿನ ಹೊರಗೆ ಉತ್ತರಿಸಿದರೂ ಗೇಟು ಮುಚ್ಚಿದ ಚರಿತ್ರೆ ಈ ದೇಶದಲ್ಲೇ ಇದೆ. 1962ರಲ್ಲಿ ಬೆರಿಲ್ ಸ್ವೈನ್ ಎಂಬಾಕೆ ಐಲ್ ಆಫ್ ಮ್ಯಾನ್ ಟಿಟಿ ಓಟದಲ್ಲಿ 50 ಸಿಸಿ ಬೈಕಿನಲ್ಲಿ ಒಂಟಿಯಾಗಿ ಸ್ಪರ್ಧಿಸಿದ ಮೊದಲ ಮಹಿಳೆಯಾದರು, ಓಟ ಮುಗಿಸಿ 22ನೆಯವರಾದರು. ನಂತರ ಅವರ ಅಂತಾರಾಷ್ಟ್ರೀಯ ಪರವಾನಗಿಯನ್ನೇ ಹಿಂತೆಗೆದುಕೊಳ್ಳಲಾಯಿತು. ನಿಯಮಗಳು ಬಂಡೆಯಲ್ಲಿ ಕೊರೆದವಲ್ಲ, ಯಾರೋ ಬರೆದವು. ಬಾಗಿಸಿದರೆ ಯಾವ ಕಡೆಗೂ ಬಾಗುತ್ತವೆ. ಸೌತ್‌ಹಾಲ್‌ನ ಜನರಿಗೆ ಇದು ಬಲು ಚೆನ್ನಾಗಿ ಗೊತ್ತು: ಪೇಟ ಧರಿಸಿದ ಸಿಖ್ಖರು ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಬೈಕು ಓಡಿಸಲು ವಿನಾಯಿತಿ ನೀಡಿದ 1976ರ ಕಾಯಿದೆಯ ಮಸೂದೆಯನ್ನು ಮಂಡಿಸಿದವರು ಈ ಕ್ಷೇತ್ರದ ಅಂದಿನ ಸಂಸದ ಸಿಡ್ನಿ ಬಿಡ್ವೆಲ್. ಹೆಲ್ಮೆಟ್ಟಿನ ವಿಷಯದಲ್ಲಿ ನನ್ನ ವೈಯಕ್ತಿಕ ಮತ ಬೇರೆಯೇ ಇದೆ. ಆದರೆ ಬೀದಿಯಿಂದ ಎದ್ದ ಬೇಡಿಕೆ ನಿಯಮವನ್ನು ಮುಟ್ಟಬಲ್ಲದೆಂಬುದಕ್ಕೆ ಅದು ಪುರಾವೆ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಐಶ್ವರ್ಯಾ ಅವರ ಪರ ಮಾತನಾಡುವ ಬಹುಮಂದಿ ಆಡುವ ಮಾತು, ‘ಕಂಪನಿ ಭಾರತದ್ದು, ಹಣ ಭಾರತದ್ದು, ಸೀಟು ಮಾತ್ರ ಪರದೇಶಿಗಳಿಗೇಕೆ’ ಎಂಬುದು. ಕೇಳಲು ಹಿತವಾಗಿದೆ, ಅಂಕಿಅಂಶವೂ ಜೊತೆಗಿದೆ. ಮಹೀಂದ್ರ 2011ರಿಂದ 2017ರವರೆಗೆ ಗ್ರ್ಯಾನ್ ಪ್ರಿ ಓಟಗಳಲ್ಲಿತ್ತು. 2016ರಲ್ಲಿ ಆಸೆನ್‌ನಲ್ಲಿ ಅದಕ್ಕೆ ಮೊದಲ ಗೆಲುವು ತಂದವರು ಇಟಲಿಯ ಫ್ರಾಂಚೆಸ್ಕೊ ಬನ್ಯಾಯ. 2020ರಲ್ಲಿ ಟಿವಿಎಸ್ ಇಂಗ್ಲೆಂಡಿನ ನಾರ್ಟನ್ ಕಂಪನಿಯನ್ನು 1.6 ಕೋಟಿ ಪೌಂಡಿಗೆ ಕೊಂಡಿತು. ದಿವಾಳಿಯಂಚಿಗೆ ಬಂದ ಆಸ್ಟ್ರಿಯಾದ ಕೆಟಿಎಂ 2025ರಲ್ಲಿ ಬಜಾಜ್ ಹಿಡಿತಕ್ಕೆ ಬಂತು. ಹೀರೋದ ಡಕಾರ್ ತಂಡದಲ್ಲಿ 2022ರಿಂದ 2025ರವರೆಗೆ ಒಬ್ಬ ಭಾರತೀಯ ಸವಾರರೂ ಇರಲಿಲ್ಲ. ಬಂಡವಾಳ ಗಡಿ ದಾಟಿತು, ಸವಾರ ದಾಟಲಿಲ್ಲ ಎನ್ನುವುದು ನಿಜ.

ಆದರೂ ಈ ವಾದವನ್ನು ಎತ್ತಿಕೊಳ್ಳಲು ನನ್ನ ಕೈ ಬಾರದು. ಹೀರೋ ಬೈಕಿನಲ್ಲಿ 2024ರ ಡಕಾರ್‌ನಲ್ಲಿ ಎರಡನೇ ಸ್ಥಾನ ಪಡೆದು ಅದೇ ವರ್ಷ ವಿಶ್ವ ರ‍್ಯಾಲಿ-ರೇಡ್ ಚಾಂಪಿಯನ್ ಆದ ರಾಸ್ ಬ್ರಾಂಚ್, ಬೋಟ್ಸ್ವಾನಾದವರು. ಅವರ ದೇಶದಲ್ಲಿ ಬೈಕು ಕಂಪನಿಯೇ ಇಲ್ಲ. 2020ರ ಡಕಾರ್‌ನಲ್ಲಿ ಫ್ಯಾಕ್ಟರಿ ಸೀಟಿಲ್ಲದೆಯೇ ಒಂದು ಹಂತ ಗೆದ್ದು ಅವರು ಲೋಕದ ಕಣ್ಣಿಗೆ ಬಿದ್ದರು. ‘ನಮ್ಮ ಹಣ, ನಮ್ಮವರಿಗೇ ಸೀಟು’ ಎಂಬ ನಿಯಮವಿದ್ದಿದ್ದರೆ ಬ್ರಾಂಚ್ ಅಂಥವರು ಯಾವ ಬಾಗಿಲು ತಟ್ಟಬೇಕಿತ್ತು? ಇಲ್ಲಿನ ಟೌನ್ ಹಾಲ್ ಮುಂದೆ 1979ರ ಏಪ್ರಿಲ್ 23ರಂದು ನ್ಯಾಷನಲ್ ಫ್ರಂಟ್ ಸಭೆಯ ವಿರುದ್ಧ ನೆರೆದ ಜನ ಎದುರಿಸಿದ್ದು ಇದೇ ತರ್ಕದ ಕ್ರೂರ ರೂಪವನ್ನು. ಬ್ಲೇರ್ ಪೀಚ್ ಎಂಬ ಶಿಕ್ಷಕ ಆ ದಿನ ಪೊಲೀಸರ ಪೆಟ್ಟಿಗೆ ಸಿಕ್ಕು ಸತ್ತರು. ಕೆಲಸ ಈ ನೆಲದವರಿಗೇ ಸಲ್ಲಬೇಕು ಎಂಬ ಕೂಗಿನ ಎದುರು ನಿಂತ ಬೀದಿಯಲ್ಲಿ ದಿನಸಿ ಕೊಳ್ಳುವ ನಾವು, ಅದೇ ಕೂಗನ್ನು ತ್ರಿವರ್ಣದಲ್ಲಿ ಅದ್ದಿ ತೆಗೆಯಬಾರದು. ಐಶ್ವರ್ಯಾ ಅವರಿಗೆ ಪರೀಕ್ಷೆಯ ಅವಕಾಶ ಸಿಗಬೇಕಾದದ್ದು ಅವರು ಭಾರತೀಯರೆಂದಲ್ಲ, ಗೇಟು ಎಲ್ಲರಿಗೂ ತೆರೆದಿರಬೇಕೆಂದು.

ಗೇಟಿನ ಒಳಗೆ ಏನಿದೆ ಎಂಬುದನ್ನು ಮರೆತು ಈ ಚರ್ಚೆ ಮುಗಿಸಲಾಗದು. 2020ರ ಜನವರಿ 12ರಂದು ಹೀರೋ ತಂಡದ ಪೋರ್ಚುಗಲ್ಲಿನ ಸವಾರ ಪೌಲೊ ಗೊನ್ಸಾಲ್ವೆಸ್ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ತೀರಿಕೊಂಡರು. ಅದೇ ತಂಡದಲ್ಲಿದ್ದ ಅವರ ಬಂಧು ಜುವಾಕಿಂ ರೊಡ್ರಿಗೆಸ್, ಸಂತೋಷ್ ಮುಂತಾದವರೊಡನೆ ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಮರುವರ್ಷದ ಡಕಾರ್‌ನ ನಾಲ್ಕನೇ ಹಂತದಲ್ಲಿ ಬಿದ್ದವರು ಸಂತೋಷ್. ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧಿಯ ಮೂಲಕ ಕೋಮಾದಲ್ಲಿರಿಸಿದರು. ಅವರು ಬದುಕಿ ಮರಳಿದರು. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಮರಳಲಿಲ್ಲ. ಬೇಗ ಶುರುಮಾಡಿದವರೇ ಮುಂದೆ ಬರುತ್ತಾರೆಂದು ನಾನು ಮೇಲೆ ಬರೆದದ್ದರ ಇನ್ನೊಂದು ಬೆಲೆ ಇದು. ಆ ವಾಕ್ಯವನ್ನು ಈ ಸಾವಿನ ಪಕ್ಕದಲ್ಲಿಟ್ಟೇ ಓದಬೇಕು.

ಹೀಗಿರುವಾಗ ಫ್ಯಾಕ್ಟರಿ ಸವಾರ ಎಂಥ ನೌಕರ? ಹೆಸರಿಗೆ ತಂಡದವನು, ಕಾಗದದ ಮೇಲೆ ಬಹುತೇಕ ಸ್ವತಂತ್ರ ಗುತ್ತಿಗೆದಾರ. ಸೌತ್‌ಹಾಲ್ ಬ್ರಾಡ್‌ವೇಯ ಹೋಟೆಲುಗಳ ಮುಂದೆ ಕೆಂಪು ‘ಎಲ್’ ಫಲಕ ಹೊತ್ತ 125 ಸಿಸಿ ಬೈಕುಗಳ ಮೇಲೆ ಊಟದ ಪೊಟ್ಟಣಕ್ಕಾಗಿ ಕಾಯುವ ಹುಡುಗರದೂ ಇದೇ ಸ್ಥಿತಿ. ಡೆಲಿವರೂ ಸವಾರರು ಸಂಘ ಕಟ್ಟಿ ಚೌಕಾಸಿ ಮಾಡುವ ಹಕ್ಕುಳ್ಳ ಕಾರ್ಮಿಕರಲ್ಲವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2023ರ ನವೆಂಬರ್ 21ರಂದು ತೀರ್ಪಿತ್ತಿತು. ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸುವ ಸ್ವಾತಂತ್ರ್ಯ ಅವರಿಗಿದೆಯೆಂಬುದು ಮುಖ್ಯ ಕಾರಣ. ಡಕಾರ್ ಸವಾರನಿಗೆ ಆ ಸ್ವಾತಂತ್ರ್ಯವೂ ಇಲ್ಲ: ದೇಹ ಅವನದೇ ಹೋಗಬೇಕು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತುಸು ಅತಿರೇಕವೆಂದು ಗೊತ್ತಿದೆ; ಒಬ್ಬನಿಗೆ ಹಾರವಿದೆ, ಇನ್ನೊಬ್ಬನಿಗೆ ಮಳೆಯಿದೆ. ಬಿದ್ದಾಗ ಇಬ್ಬರೂ ಗುತ್ತಿಗೆಯ ಸಣ್ಣಕ್ಷರ ಓದಬೇಕಾಗುತ್ತದೆ ಎಂಬಲ್ಲಿ ಮಾತ್ರ ಸಮಾನರು.

ಅಂದಹಾಗೆ ಡಕಾರ್ 2020ರಿಂದ ನಡೆಯುತ್ತಿರುವುದು ಸೌದಿ ಅರೇಬಿಯದಲ್ಲಿ. ಅಲ್ಲಿ ಹೆಂಗಸರು ವಾಹನ ಓಡಿಸಲು ಅನುಮತಿ ಸಿಕ್ಕಿದ್ದು 2018ರ ಜೂನಿನಲ್ಲಿ. ಆ ಹಕ್ಕಿಗಾಗಿ ಹೋರಾಡಿದ ಲೂಜೈನ್ ಅಲ್-ಹತ್ಲೂಲ್ ಅದೇ ವರ್ಷದ ಮೇ ತಿಂಗಳಿಂದ 2021ರ ಫೆಬ್ರವರಿವರೆಗೆ ಸೆರೆಯಲ್ಲಿದ್ದರು. ಅಂದರೆ ಆಕೆ ಜೈಲಿನಲ್ಲಿದ್ದಾಗಲೇ ಎರಡು ಡಕಾರ್‌ಗಳು ಅಲ್ಲಿ ಓಡಿದವು. ಅಂಥ ನೆಲದಲ್ಲಿ ನಮ್ಮ ಹೆಣ್ಣುಮಗಳು ಬೈಕು ಓಡಿಸಬೇಕೆಂದು ಬಯಸುವುದು ಸರಿಯೇ ಎಂದು ಗೆಳೆಯರೊಬ್ಬರು ಕೇಳಿದರು. ಓಡಿಸುವುದೋ ಬಿಡುವುದೋ ಅದು ಆಕೆಯ ನಿರ್ಧಾರವಾಗಬೇಕು. ಸೀಟೇ ಸಿಗದವರಿಗೆ ನಿರಾಕರಿಸುವ ಘನತೆಯೂ ಸಿಗುವುದಿಲ್ಲ.

ಈಗ ತೀರ್ಪು. 2019ರ ವಿಶ್ವಕಪ್ ಐಶ್ವರ್ಯಾ ಅವರಿಗೆ ಡಕಾರ್ ಫ್ಯಾಕ್ಟರಿ ಸೀಟನ್ನು ಗೆದ್ದುಕೊಡಲಿಲ್ಲ. ಅದು ಗೆದ್ದುಕೊಟ್ಟದ್ದು, ಅಥವಾ ಗೆದ್ದುಕೊಡಬೇಕಾಗಿದ್ದದ್ದು, ಆ ಸೀಟಿನ ಪರೀಕ್ಷೆಯನ್ನು. ಮೊರಾಕೊದಂಥ ಐದಾರು ದಿನಗಳ ರ‍್ಯಾಲಿಗಳಲ್ಲಿ ಒಂದು ಪೂರ್ಣ ಹಂಗಾಮು, ನೆರವಿನ ಟ್ರಕ್ಕು, ದಾರಿಪುಸ್ತಕ ಓದಲು ಕಲಿಸುವ ಒಬ್ಬ ಅನುಭವಿ, ಬಿದ್ದರೆ ಹೊಣೆ ಹೊರುವ ವಿಮೆ, ಮತ್ತು ಅರವಿಂದ್ ಅವರಿಗೆ ಸಿಕ್ಕಂತೆ ಎರಡು ಸೋಲುಗಳ ಅವಕಾಶ. ಅದಾದ ಮೇಲೆ ತಂಡ ‘ಬೇಡ’ ಎಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಸೀಟು ಯಾರಿಗೆ, ಯಾವ ಕಾರಣಕ್ಕೆ ಎಂದು ಕಂಪನಿಗಳು ಮೊದಲೇ ಪ್ರಕಟಿಸುವ ರೂಢಿ ಈ ಕ್ರೀಡೆಯಲ್ಲಿಲ್ಲ. ಎಷ್ಟು ಹಂತಗಳಲ್ಲಿ ಮೊದಲ ಇಂತಿಷ್ಟು ಮಂದಿಯೊಳಗೆ ಬರಬೇಕು, ದಾರಿ ತಪ್ಪಿದ ಪ್ರಮಾಣ ಎಷ್ಟರೊಳಗಿರಬೇಕು, ಬೈಕನ್ನು ಎಷ್ಟು ಹೊತ್ತಿನಲ್ಲಿ ಸರಿಪಡಿಸಬೇಕು ಎಂದು ಒಂದು ಪುಟದಲ್ಲಿ ಬರೆದು ಹಾಕಲು ಖರ್ಚೇನೂ ಇಲ್ಲ. ವುಲ್ಫ್ ಕಾರ್ಖಾನೆಯ ಕಾರ್ಮಿಕರು ಕೇಳಿದ್ದು ಹೆಚ್ಚುಕಡಿಮೆ ಅಷ್ಟನ್ನೇ.

ಹೊಸೂರು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಗಡಿಯೂರು. ಅಲ್ಲಿನ ಕಂಪನಿ ಇಂದು ನಾರ್ಟನ್‌ನ ಒಡೆಯ. ಅದರ ಹೊಸ ಕಾರ್ಖಾನೆ ಈ ದೇಶದ ಸಾಲಿಹಲ್‌ನಲ್ಲಿದೆ. ಅಲ್ಲಿಂದಲೇ ಆಗಲಿ, ಹೊಸೂರಿನಿಂದಲೇ ಆಗಲಿ ಆ ಒಂದು ಪುಟ ಹೊರಬರಬಹುದು. ಲಾಯಾ ಸಾನ್ಸ್ ತಮ್ಮ 9ನೇ ಸ್ಥಾನ ಪಡೆದಾಗ ಅವರಿಗೆ 29 ವರ್ಷ. ಗೊನ್ಸಾಲ್ವೆಸ್ ತಮ್ಮ ಕೊನೆಯ ಡಕಾರ್‌ಗೆ ಇಳಿದಾಗ 40. 1995ರಲ್ಲಿ ಹುಟ್ಟಿದ ಐಶ್ವರ್ಯಾ ಅವರ ಬಗ್ಗೆ ‘ಕಾಲ ಮೀರಿತು’ ಎಂದು ಯಾರಾದರೂ ಹೇಳುವುದಾದರೆ, ಅದಕ್ಕೂ ಮಾನದಂಡ ಯಾವುದೆಂದು ಕೇಳಬೇಕಾಗುತ್ತದೆ.